ಅಂದಾಜು ಪಟ್ಟಿಯಲ್ಲಿ ಒಂದು ಸಾಲು ಸೇರಿಸಿ ಸಾಹೇಬರೇ: ಕಲಬುರಗಿಯ ಇಂಜಿನಿಯರ್‌ಗಳಿಗೆ ಒಂದು ಬಹಿರಂಗ ಪತ್ರ

ಗೆ,
ಕಲಬುರಗಿ ಜಿಲ್ಲೆಯಲ್ಲಿ ಸರ್ಕಾರಿ ಕಾಮಗಾರಿಗಳ ಅಂದಾಜು ಪಟ್ಟಿ ತಯಾರಿಸುವ ಮತ್ತು ಅದಕ್ಕೆ ಸಹಿ ಹಾಕುವ ಎಲ್ಲ ಇಂಜಿನಿಯರ್ ಸಾಹೇಬರಿಗೆ

ಮಾನ್ಯರೇ, ಶರಣು.

ನೀವು ಪಾಲಿಕೆಯಲ್ಲಿರಬಹುದು, ಲೋಕೋಪಯೋಗಿಯಲ್ಲಿರಬಹುದು, ಪಂಚಾಯತ್ ರಾಜ್‌ನಲ್ಲೋ ಮತ್ತೆಲ್ಲೋ ಇರಬಹುದು. ಕಚೇರಿ ಯಾವುದಾದರೂ ಸರಿ. ಫುಟ್‌ಪಾತಿಗೆ ಯಾವ ಬ್ಲಾಕ್, ರಸ್ತೆಯ ಅಡಿಗೆ ಯಾವ ಖಡಿ (ಜಲ್ಲಿ), ಪಾಯದ ಬೆಡ್ಡಿಗೆ ಯಾವ ಮಾಲು ಅಂತ ಮೊದಲು ಬರೆಯುವವರು ನೀವು. ಟೆಂಡರ್ ಕರೆಯುವುದು, ಗುತ್ತಿಗೆದಾರ ಬರುವುದು, ಗುದ್ದಲಿ ಪೂಜೆ, ಎಲ್ಲ ಆಮೇಲಿನ ಮಾತು. ಅದಕ್ಕೇ, ಹಳೇ ಕಾಂಕ್ರೀಟ್ ಒಡೆದು ಮಾಡಿದ ಮಾಲಿಗೂ ಆ ಪಟ್ಟಿಯಲ್ಲಿ ಒಂದು ಸಾಲು ಕೊಡಿ ಅಂತ ಕೇಳುವ ಈ ಪತ್ರವನ್ನು ಮಂತ್ರಿಗಳಿಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ.

ನಾನು ಕಪನೂರ ಕಡೆ ಸಣ್ಣದೊಂದು ಸಿಮೆಂಟ್ ಬ್ಲಾಕ್ ಯಾರ್ಡ್ ನಡೆಸುವವನು. ಹಳೇ ಕಟ್ಟಡದ ಕಾಂಕ್ರೀಟ್ ಪುಡಿ ಮಾಡಿ ಮತ್ತೆ ಬ್ಲಾಕ್ ಮಾಡುವ ವ್ಯವಸ್ಥೆ ನಮ್ಮೂರಿಗೆ ಬಂದರೆ ನನಗೂ ನಾಲ್ಕು ಕಾಸು ಸಿಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಲಾಭ ಇರುವವನ ಮಾತು ಅಂತ ಸ್ವಲ್ಪ ಅನುಮಾನದಿಂದಲೇ ಓದಿ. ಆದರೆ ಪೂರ್ತಿ ಓದಿ.

ನನ್ನ ಯಾರ್ಡಿನ ಮುಂದಿನ ರಸ್ತೆಯಲ್ಲಿ ಬೆಳಿಗ್ಗೆ ಟಿಪ್ಪರ್‌ಗಳು ಕ್ರಷರ್‌ನಿಂದ ಹೊಸ ಖಡಿ ತುಂಬಿಕೊಂಡು ಊರೊಳಗೆ ಬರುತ್ತವೆ. ಕತ್ತಲಾದ ಮೇಲೆ ಅದೇ ರಸ್ತೆಯಲ್ಲಿ ಟ್ರ್ಯಾಕ್ಟರ್‌ಗಳು ಒಡೆದ ಕಾಂಕ್ರೀಟ್, ಇಟ್ಟಂಗಿ ಚೂರು, ಕಿತ್ತ ಟೈಲ್ಸ್ ತುಂಬಿಕೊಂಡು ಊರ ಹೊರಗೆ ಹೋಗುತ್ತವೆ. ಎಲ್ಲಿಗೆ ಅಂತ ನಿಮಗೂ ಗೊತ್ತು. ರಿಂಗ್ ರೋಡಿನ ಅಂಚು, ನಾಲಾ ದಂಡೆ, ಮಾಲೀಕರು ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುವ ಖಾಲಿ ಪ್ಲಾಟು, ಲೇಔಟ್ ಆಗಲು ಕಾದಿರುವ ತೊಗರಿ ಹೊಲದ ಬದು. ಒಮ್ಮೆ ಒಬ್ಬ ಟ್ರ್ಯಾಕ್ಟರ್ ಹುಡುಗನನ್ನು ನಿಲ್ಲಿಸಿ, ಇಲ್ಲೇಕೆ ಸುರಿಯುತ್ತೀಯಪ್ಪಾ ಅಂತ ಕೇಳಿದೆ. "ಎಲ್ಲಿ ಹಾಕ್ಬೇಕ್ ನೀವೇ ಹೇಳ್ರಿ ಅಣ್ಣಾ. ಜಾಗಾ ತೋರಿಸ್ರಿ, ಅಲ್ಲೇ ಹಾಕ್ತೀನಿ" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನಿಗೆ ಟ್ರಿಪ್ಪಿಗೆ ಇಷ್ಟು ಅಂತ ದುಡ್ಡು, ಡೀಸೆಲ್ ಅದರಲ್ಲೇ. ದೂರ ಹೋದಷ್ಟೂ ಅವನಿಗೇ ನಷ್ಟ.

ಹೀಗೆ ಸುರಿದಿದ್ದರ ಫಲ ಮಳೆಗಾಲದಲ್ಲಿ ಕಾಣುತ್ತದೆ. 2020ರ ಅಕ್ಟೋಬರ್ ಮಳೆಯನ್ನು ಈ ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. ಅವತ್ತು ನೀರು ನುಗ್ಗಿದ್ದಕ್ಕೆ ಈ ಮಣ್ಣು-ಕಲ್ಲೇ ಕಾರಣ ಅಂತ ನಾನು ಹೇಳಲಾರೆ, ಅಂಥ ಮಳೆಯನ್ನು ಯಾವ ನಾಲಾ ತಡೆಯುತ್ತದೆ ಹೇಳಿ. ಆದರೆ ಅರ್ಧ ನಾಲಾ ಕಾಂಕ್ರೀಟ್ ತುಂಡುಗಳಿಂದಲೇ ತುಂಬಿದ್ದರೆ ಅರ್ಧ ಮಳೆಗೇ ಅದು ಉಕ್ಕುತ್ತದೆ, ಇದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ. ಬೇಸಿಗೆಯಲ್ಲಿ ಇದೇ ರಾಶಿ ಧೂಳಾಗುತ್ತದೆ. ಕೇಂದ್ರ ಸರ್ಕಾರ 2019ರಲ್ಲಿ ಶುರು ಮಾಡಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಗಾಳಿ ಕೆಟ್ಟಿರುವ ಊರುಗಳ ಪಟ್ಟಿ ಇದೆಯಲ್ಲ, ಅದರಲ್ಲಿ ಕರ್ನಾಟಕದ್ದು ನಾಲ್ಕೇ ನಗರ. ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಇನ್ನೊಂದು ನಮ್ಮ ಕಲಬುರಗಿ. ಬೇರೆ ಪಟ್ಟಿಗಳಲ್ಲಿ ನಮ್ಮ ಹೆಸರು ಮೇಲೆ ಬರಲಿ ಅಂತ ವರ್ಷಗಟ್ಟಲೆ ಕಾಯುತ್ತೇವೆ. ಇದರಲ್ಲಿ ಕೇಳದೇ ಬಂತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮೂರ ಬ್ರಹ್ಮಪುರ, ಶಹಾಬಜಾರ್ ಕಡೆ ಹಳೇ ಮನೆ ಇಳಿಸುವುದನ್ನು ನೋಡಿದವರಿಗೆ ಗೊತ್ತು, ನಮ್ಮವರು ಒಳ್ಳೆ ಮಾಲನ್ನು ಸುಮ್ನೆ ಬಿಡುವ ಜನ ಅಲ್ಲ. ಸಾಗವಾನಿ ತೊಲೆ, ಬಾಗಿಲು, ಚೌಕಟ್ಟು ಮೊದಲು ಇಳಿಯುತ್ತವೆ, ಅವಕ್ಕೆ ಗಿರಾಕಿ ಮೊದಲೇ ಬಂದು ನಿಂತಿರುತ್ತಾನೆ. ನೆಲದ ಶಹಾಬಾದ್ ಪರ್ಸಿಯನ್ನು (ಹಾಸುಗಲ್ಲನ್ನು) ಹಾರೆ ಹಾಕಿ ಒಂದೊಂದೇ ಎಬ್ಬಿಸಿ ಗೋಡೆಗೆ ಒರಗಿಸಿಡುತ್ತಾರೆ. ಅದು ದನದ ಕೊಟ್ಟಿಗೆಗೆ, ಬಚ್ಚಲಿಗೆ, ಹೊಲದ ಮನೆಗೆ ಹೋಗುತ್ತದೆ. ಗೋಡೆಯ ಕಲ್ಲು ಹೊಸ ಮನೆಯ ಪಾಯಕ್ಕೆ, ಮಾಳಿಗೆಯ ಮಣ್ಣು ಹೊಲಕ್ಕೆ, ಕಬ್ಬಿಣ ಗುಜರಿಗೆ. ಇದನ್ನೆಲ್ಲ ಯಾವ ಸುತ್ತೋಲೆಯೂ ಹೇಳಿಕೊಟ್ಟಿಲ್ಲ. ಬೆಲೆ ಇತ್ತು, ಕೊಳ್ಳುವವರಿದ್ದರು, ಅಷ್ಟೇ.

ಕಷ್ಟ ಶುರುವಾಗಿದ್ದು 30-40 ವರ್ಷದ ಹಿಂದೆ ಕಟ್ಟಿದ ಆರ್‌ಸಿಸಿ ಮನೆಗಳ ಸರದಿ ಬಂದ ಮೇಲೆ. ಜೆಸಿಬಿ ಬಂದು ಬ್ರೇಕರ್ ಹಚ್ಚುತ್ತದೆ, ಸ್ಲ್ಯಾಬ್ ಬೀಳುತ್ತದೆ, ಒಳಗಿನ ಸರಳನ್ನು ಕತ್ತರಿಸಿ ಒಯ್ಯುತ್ತಾರೆ. ಉಳಿದ ಕಾಂಕ್ರೀಟ್ ತುಂಡನ್ನು ಯಾರೂ ಕೇಳುವುದಿಲ್ಲ. ಅದರ ಜೊತೆ ಪ್ಲಾಸ್ಟರ್, ಪಿಒಪಿ ಸೀಲಿಂಗ್, ಟೈಲ್ಸ್, ಒಡೆದ ಕಮೋಡು, ಪೈಪು, ವೈರು ಎಲ್ಲ ಕಲಸಿಹೋಗಿರುತ್ತದೆ. ಜೆಸಿಬಿಗೆ ತಾಸಿನ ಲೆಕ್ಕದಲ್ಲಿ ಬಾಡಿಗೆ, ಬೇರೆ ಮಾಡಿಸುವ ವ್ಯವಧಾನ ಯಾರಿಗಿದೆ? ಎಲ್ಲ ಒಂದೇ ಟ್ರಾಲಿಗೆ ಬೀಳುತ್ತದೆ.

ಆ ಕಾಂಕ್ರೀಟ್ ತುಂಡಿನಲ್ಲಿ ಏನಿದೆ ಅಂತ ನಿಮಗೆ ನಾನು ಹೇಳಬೇಕಾ? ನಮ್ಮ ಸುತ್ತಲಿನ ಕರಿಕಲ್ಲಿನ ಖಡಿ ಇದೆ, ಹೊಳೆಯ ಉಸುಕಿದೆ, ವಾಡಿಯದೋ ಸೇಡಂದೋ ಮಳಖೇಡದ್ದೋ ಸಿಮೆಂಟ್ ಇದೆ. ಒಂದು ಕಾಲಕ್ಕೆ ದುಡ್ಡು ಕೊಟ್ಟು ತಂದ ಮಾಲು. ದವಡೆ ಕ್ರಷರ್‌ಗೆ ಹಾಕಿ ಒಡೆದು, ಆಯಸ್ಕಾಂತದಿಂದ ಕಬ್ಬಿಣದ ಚೂರು ತೆಗೆದು, ಜರಡಿ ಹಿಡಿದರೆ 20 ಎಂಎಂ, 10 ಎಂಎಂ, ಉಸುಕಿನಂಥ ಪುಡಿ ಬೇರೆ ಬೇರೆಯಾಗಿ ಸಿಗುತ್ತವೆ. ತೊಳೆದರೆ ಇನ್ನೂ ಒಳ್ಳೆಯದು. ಹಳೇ ಗಾರೆ ಅಂಟಿಕೊಂಡಿರುವುದರಿಂದ ಈ ಖಡಿ ನೀರು ಜಾಸ್ತಿ ಕುಡಿಯುತ್ತದೆ ನಿಜ. ಕಲಸುವ ಮುಂಚೆ ನೆನೆಸಿಕೊಳ್ಳಬೇಕು, ಇಲ್ಲದಿದ್ದರೆ ಮಿಕ್ಸ್‌ನ ನೀರನ್ನೇ ಎಳೆದುಕೊಂಡು ಕೆಲಸ ಕೆಡಿಸುತ್ತದೆ. ನಮ್ಮ ಗೌಂಡಿಗಳು ಇಟ್ಟಂಗಿ ನೆನೆಸದೆ ಕಟ್ಟುವುದಿಲ್ಲ, ಇದೂ ಅವರಿಗೆ ಹೊಸ ಪಾಠವೇನಲ್ಲ.

ನಿಮ್ಮ ಪುಸ್ತಕವೇ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಕಾಂಕ್ರೀಟಿನ ಖಡಿ-ಉಸುಕಿಗೆ ಇರುವ ಭಾರತೀಯ ಮಾನದಂಡ ಐಎಸ್ 383ರ 2016ರ ಪರಿಷ್ಕರಣೆ ನೋಡಿ. ಹಳೇ ಕಾಂಕ್ರೀಟಿನಿಂದ ಬಂದ ಖಡಿಯನ್ನು ಸಾದಾ ಕಾಂಕ್ರೀಟಿನಲ್ಲಿ 25% ತನಕ, ಕಬ್ಬಿಣ ಹಾಕುವ ಕಾಂಕ್ರೀಟಿನಲ್ಲಿ ಎಂ-25 ದರ್ಜೆಯವರೆಗೆ (ಸಂಖ್ಯೆ ದೊಡ್ಡದಾದಷ್ಟೂ ಕಾಂಕ್ರೀಟ್ ಗಟ್ಟಿ) ಮಾತ್ರ 20% ತನಕ, ಎಂ-15ಕ್ಕಿಂತ ಕಡಿಮೆಯ, ಪಾಯದ ಅಡಿಗೆ ಹಾಸುವ ಬೆಡ್ ಕಾಂಕ್ರೀಟಿನಲ್ಲಿ ಪೂರ್ತಿ 100% ಬಳಸಬಹುದು. ಇಟ್ಟಂಗಿ, ಗಾರೆ ಎಲ್ಲ ಬೆರೆತ ಮಾಲಾದರೆ ಬೆಡ್ ಕಾಂಕ್ರೀಟಿಗೆ ಮಾತ್ರ. ರಸ್ತೆಗೆ ಬಂದರೆ ಐಆರ್‌ಸಿ 121 ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2017ರ ಮಾರ್ಗಸೂಚಿಯೇ ಇದೆ. ಹಾಗಾಗಿ ಕಾಲಮ್ಮಿಗೆ, ದೊಡ್ಡ ಬೀಮಿಗೆ ಹಾಕಿ ಅಂತ ಯಾರೂ ನಿಮ್ಮನ್ನು ಕೇಳುತ್ತಿಲ್ಲ. ಸೇತುವೆ ಕಟ್ಟಿ ಅಂತಲೂ ಕೇಳುತ್ತಿಲ್ಲ. ಪಾಯದ ಬೆಡ್ಡು, ಪ್ಲಿಂತ್ (ಮನೆಯ ನೆಲದ ಅಡಿಭಾಗ) ತುಂಬುವುದು, ರಸ್ತೆಯ ಕೆಳಪದರ, ಪೈಪ್ ಹೂಳಿದ ಗುಂಡಿ ಮುಚ್ಚುವುದು, ಕಾಂಪೌಂಡ್ ಬ್ಲಾಕ್, ಕರ್ಬ್ ಕಲ್ಲು, ಫುಟ್‌ಪಾತ್ ಪೇವರ್. ಇಷ್ಟೇ. ಅದರಲ್ಲೂ ನಮ್ಮದು ಎರೆ ಭೂಮಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಈ ಕರಿ ಮಣ್ಣನ್ನು ತೆಗೆದುಹಾಕಿ ಗರಸು (ಮೊರಂ ಮಣ್ಣು) ತುಂಬದೆ ಇಲ್ಲಿ ಒಂದು ಮನೆಯೂ ಏಳುವುದಿಲ್ಲ. ಆ ಗರಸಿಗಾಗಿ ಎಷ್ಟು ದಿಬ್ಬ ಕರಗಿವೆ ಅಂತ ಆಳಂದ ರಸ್ತೆಯಲ್ಲಿ ಓಡಾಡುವವರನ್ನು ಕೇಳಿ. ಅದೇ ಜಾಗಕ್ಕೆ ಒಡೆದ ಕಾಂಕ್ರೀಟ್-ಇಟ್ಟಂಗಿಯ ಪುಡಿ ಪದರಪದರವಾಗಿ ಹಾಕಿ ನೀರು ಹೊಡೆದು ದಮ್ಮಸ್ಸು ಮಾಡಿದರೆ ಏನು ಕೊರತೆ?

ಬೇರೆ ಊರವರು ಇದನ್ನು ಮಾಡಿ ತೋರಿಸಿಯೂ ಆಯಿತು. ದಿಲ್ಲಿಯ ಬುರಾಡಿಯಲ್ಲಿ 2009ರಿಂದ ಇಂಥ ಮರುಬಳಕೆ ಘಟಕ ಇದೆ. ದಿನಕ್ಕೆ 500 ಟನ್‌ನಿಂದ ಶುರುವಾಗಿ 2,000 ಟನ್‌ಗೆ ಬೆಳೆಯಿತು. ಸುಪ್ರೀಂ ಕೋರ್ಟಿನ ಹೊಸ ಕಟ್ಟಡಕ್ಕೂ ಇಂಥ ಬ್ಲಾಕ್ ಬಳಸಿದ್ದಾರೆ. ಬೆಂಗಳೂರಿನ ಚಿಕ್ಕಜಾಲದಲ್ಲೂ ಒಂದು ಘಟಕ ಇದೆ. ಅಷ್ಟು ದೂರ ಯಾಕೆ, ನಾವು ಆಸ್ಪತ್ರೆಗೂ ಮದುವೆ ಬಟ್ಟೆಗೂ ಹೋಗುವ ಹೈದರಾಬಾದಿನ ಜೀಡಿಮೆಟ್ಲದಲ್ಲಿ 2020ರ ನವೆಂಬರ್‌ನಲ್ಲಿ ದಿನಕ್ಕೆ 500 ಟನ್ ಅರೆಯುವ ಘಟಕ ಶುರುವಾಯಿತು. ಆಮೇಲೆ ಫತುಲ್ಲಾಗುಡದಲ್ಲಿ ಇನ್ನೊಂದು.

ಹಾಗಾದರೆ ನಮಗೂ ಒಂದು ದೊಡ್ಡ ಘಟಕ ಕೊಡಿ ಅಂತ ಕೇಳುತ್ತಿದ್ದೀನಾ? ಇಲ್ಲ ಸಾಹೇಬರೇ. ದೊಡ್ಡ ಘಟಕದ ಉದ್ಘಾಟನೆ ಸುಲಭ, ಆಮೇಲೆ ಅದರ ಮಾಲು ಯಾರು ತಗೊಳ್ತಾರೆ? ಕೊಳ್ಳುವವರಿಲ್ಲದಿದ್ದರೆ ಅರೆದ ಪುಡಿಯೂ ಇನ್ನೊಂದು ರಾಶಿಯೇ ಆಗುತ್ತದೆ, ಮೊದಲು ನಾಲಾ ದಂಡೆಯಲ್ಲಿದ್ದದ್ದು ಈಗ ಶೆಡ್ಡಿನ ಹಿಂದೆ.

ನನ್ನ ಅನುಭವ ಹೇಳುತ್ತೇನೆ. ಪರಿಚಯದವರ ಖಡಿ ಮಷೀನಿನಲ್ಲಿ ಒಂದಷ್ಟು ಹಳೇ ಸ್ಲ್ಯಾಬ್ ತುಂಡುಗಳನ್ನು ಒಡೆಸಿ ತಂದು, ಹೊಸ ಖಡಿಗೆ ಬೆರೆಸಿ ಬ್ಲಾಕ್ ಹಾಕಿದೆ. ನನ್ನ ಯಾರ್ಡಿನ ಹಿಂದಿನ ಗೋಡೆ ಅದರಿಂದಲೇ ಕಟ್ಟಿದ್ದು. ಆ ಬ್ಲಾಕ್ ಹಿಡಿದುಕೊಂಡು ಒಂದು ಇಲಾಖೆಯ ಸೈಟ್ ಇಂಜಿನಿಯರ್ ಹತ್ತಿರ ಹೋದೆ. ಯಾವ ಇಲಾಖೆ ಅಂತ ಹೇಳುವುದಿಲ್ಲ, ಅವರು ಒಳ್ಳೆಯವರು, ಚಹಾ ಕುಡಿಸಿದರು. ಬ್ಲಾಕ್ ತಿರುಗಿಸಿ ನೋಡಿದರು, ಚೆನ್ನಾಗಿದೆ ಅಂದರು. ಆಮೇಲೆ, "ಆದ್ರೆ ನಮ್ಮ ಎಸ್ಟಿಮೇಟ್‌ನಾಗ ಈ ಐಟಂ ಇಲ್ಲಲ್ರೀ. ನಾಳೆ ಆಡಿಟ್‌ನವರು ಕೇಳಿದ್ರೆ ನಾ ಏನ್ ಹೇಳ್ಲಿ?" ಅಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಅಂದಾಜಿನಲ್ಲಿ ಇಲ್ಲದ ಮಾಲು ಹಾಕಿದರೆ ವಸೂಲಿ ಬರುವುದು ಅವರ ಸಂಬಳದಿಂದ. ಗುತ್ತಿಗೆದಾರನನ್ನು ಕೇಳಿದರೆ ಅವನು ಟೆಂಡರ್ ಷರತ್ತು ತೋರಿಸುತ್ತಾನೆ. ಖಾಸಗಿ ಮನೆ ಕಟ್ಟಿಸುವವರು, "ಸರ್ಕಾರದವರೇ ಬಳಸಲ್ಲ, ನಮಗ್ಯಾಕೆ ಬೇಕು ಹಳೇ ಮಾಲು" ಅಂತಾರೆ. ಎಲ್ಲ ದಾರಿಗಳೂ ಸುತ್ತಿ ಬಂದು ನಿಮ್ಮ ಟೇಬಲ್ಲಿನ ಮೇಲಿನ ಆ ಪಟ್ಟಿಗೇ ನಿಲ್ಲುತ್ತವೆ.

ಇದಕ್ಕೆ ಕಾನೂನಿನ ಬಲ ಇಲ್ಲವೇ? 2016ರ ಮಾರ್ಚ್‌ನಲ್ಲೇ ಕಟ್ಟಡ ತ್ಯಾಜ್ಯ ನಿರ್ವಹಣೆಗೆ ಕೇಂದ್ರದ ನಿಯಮ ಬಂತು. ದಿನಕ್ಕೆ 20 ಟನ್ ಅಥವಾ ಒಂದು ಯೋಜನೆಯಿಂದ ತಿಂಗಳಿಗೆ 300 ಟನ್ ಮೀರಿದರೆ ಕಾಂಕ್ರೀಟ್, ಮಣ್ಣು, ಕಬ್ಬಿಣ-ಕಟ್ಟಿಗೆ-ಪ್ಲಾಸ್ಟಿಕ್, ಇಟ್ಟಂಗಿ-ಗಾರೆ ಅಂತ ಬೇರೆ ಮಾಡಿ ಕೊಡಬೇಕು ಅಂತ ಅದರಲ್ಲಿತ್ತು. ಸರ್ಕಾರಿ ಗುತ್ತಿಗೆಗಳಲ್ಲಿ 10ರಿಂದ 20% ಇಂಥ ಮಾಲು ಕಡ್ಡಾಯ ಮಾಡುವ ಮಾತೂ ಇತ್ತು. ಈಗ 2025ರ ಏಪ್ರಿಲ್‌ನಲ್ಲಿ ಹೊಸ ನಿಯಮ ಪ್ರಕಟವಾಗಿದೆ, ಜಾರಿಯ ದಿನ 2026ರ ಏಪ್ರಿಲ್ 1. ಕಟ್ಟಿಸುವವನೇ ತನ್ನ ತ್ಯಾಜ್ಯಕ್ಕೆ ಹೊಣೆ ಅನ್ನುವ ಪದ್ಧತಿ ಅದರಲ್ಲಿ ಬಂದಿದೆ, ಒಳ್ಳೆಯದೇ. ಆದರೆ ಆ ಹೊಣೆ 20 ಸಾವಿರ ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಯೋಜನೆಗಳಿಗೆ. ನಮ್ಮೂರಲ್ಲಿ ಅಂಥವು ಎಷ್ಟು ಸಿಗುತ್ತವೆ ಹೇಳಿ? ಇಲ್ಲಿಯ ರಾಶಿ ಆಗುವುದು 30×40 ಅಡಿ ಸೈಟಿನ ಮನೆಗಳಿಂದ, ಅಂಗಡಿಗಳಿಂದ, ರಸ್ತೆ ಅಗಲೀಕರಣಕ್ಕೆ ಕೆಡವಿದ ಗೋಡೆಗಳಿಂದ, ಎರಡು ವರ್ಷಕ್ಕೊಮ್ಮೆ ಕಿತ್ತು ಮತ್ತೆ ಹಾಕುವ ಫುಟ್‌ಪಾತಿನಿಂದ (ಅದ್ಯಾಕೆ ಕೀಳುತ್ತೀರಿ ಅನ್ನೋದಕ್ಕೆ ಇನ್ನೊಂದು ಪತ್ರ ಬೇಕಾಗುತ್ತದೆ). ಹಾಗಾಗಿ ಹೊಸ ನಿಯಮ ಬಂತು, ಇನ್ನು ತಾನಾಗಿಯೇ ಎಲ್ಲ ಸರಿಹೋಗುತ್ತದೆ ಅಂತ ಕೂತರೆ ಕಲಬುರಗಿಯಲ್ಲಿ ಏನೂ ಆಗುವುದಿಲ್ಲ.

ಬರೀ ಕಾಗದದ ಮೇಲಿನ ಒಂದು ಸಾಲಿನಿಂದ ಮಾರುಕಟ್ಟೆ ಹುಟ್ಟುತ್ತದಾ ಅಂತ ನೀವು ಕೇಳಬಹುದು. ಹುಟ್ಟುತ್ತದೆ, ನಮ್ಮ ಕಣ್ಣೆದುರಿಗೇ ಹುಟ್ಟಿದೆ. ಹಾರುಬೂದಿ, ಅಂದರೆ ಕಲ್ಲಿದ್ದಲು ಸುಟ್ಟಾಗ ಉಳಿಯುವ ಬೂದಿ, ನೆನಪಿಸಿಕೊಳ್ಳಿ. ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಬೂದಿಯಿಂದ ಇಟ್ಟಂಗಿ ಅಂದಾಗ ನಮ್ಮವರು ನಕ್ಕಿದ್ದರು, ಒಲೆ ಬೂದಿಯಲ್ಲಿ ಮನೆ ಕಟ್ತಾರಂತೆ ಅಂತ. 1999ರಲ್ಲಿ ಕೇಂದ್ರ ಅಧಿಸೂಚನೆ ಹೊರಡಿಸಿ, ಉಷ್ಣ ವಿದ್ಯುತ್ ಸ್ಥಾವರದ 50 ಕಿಲೋಮೀಟರ್ ಸುತ್ತಿನಲ್ಲಿ ಇಟ್ಟಂಗಿ ಮಾಡುವವರು ಬೂದಿ ಬೆರೆಸಲೇಬೇಕು ಅಂದಿತು, ಮುಂದೆ ತಿದ್ದುಪಡಿಗಳಲ್ಲಿ ಆ ವ್ಯಾಪ್ತಿ ಹಿಗ್ಗಿತು, ಕಟ್ಟಡ ಕಟ್ಟುವ ಸರ್ಕಾರಿ ಸಂಸ್ಥೆಗಳೂ ಅದರೊಳಗೆ ಬಂದವು. ಇವತ್ತು ನಮ್ಮ ಜಿಲ್ಲೆಯಲ್ಲೇ ತಯಾರಾಗುವ ಪಿಪಿಸಿ ಸಿಮೆಂಟ್ ಚೀಲದಲ್ಲಿ 15ರಿಂದ 35% ಹಾರುಬೂದಿ ಇರಬಹುದು, ಮಾನದಂಡವೇ ಅದಕ್ಕೆ ಅವಕಾಶ ಕೊಡುತ್ತದೆ. ಯಾರಾದರೂ ಮೂಗು ಮುರಿಯುತ್ತಾರಾ? ನಗುತ್ತಿದ್ದವರ ಮನೆಯ ಸ್ಲ್ಯಾಬೂ ಅದರಿಂದಲೇ ಆಗಿದೆ. ಜನರ ಮನಸ್ಸು ಬದಲಾಗಲಿ ಅಂತ ಅಲ್ಲಿ ಯಾರೂ ಕಾಯಲಿಲ್ಲ. ಮೊದಲು ನಿಯಮ ಬಂತು, ಆಮೇಲೆ ಮಾಲು ಬಂತು, ಕೊನೆಗೆ ನಂಬಿಕೆ ಬಂತು.

ಹಾಗಂತ ಇದರಲ್ಲಿ ಅಪಾಯವೇ ಇಲ್ಲ ಅಂತ ಹೇಳಿ ನಿಮ್ಮನ್ನು ಒಪ್ಪಿಸಲು ನನಗೆ ಇಷ್ಟವಿಲ್ಲ. ಪಿಒಪಿ ಬೆರೆತರೆ ಅದರ ಸಲ್ಫೇಟ್ ಕಾಂಕ್ರೀಟನ್ನು ಒಳಗಿಂದ ಹಾಳು ಮಾಡುತ್ತದೆ. ಹಳೇ ಶೆಡ್ಡುಗಳ ಕಲ್ನಾರು ಶೀಟನ್ನು ಎಂದಿಗೂ ಕ್ರಷರ್‌ಗೆ ಹಾಕಬಾರದು, ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್. ಒಣ ಕಾಂಕ್ರೀಟ್ ಒಡೆಯುವಾಗ ಏಳುವ ಧೂಳೂ ಅಷ್ಟೇ ಕೆಟ್ಟದ್ದು. ನೀರು ಸಿಂಪಡಿಸದೆ, ಮಾಸ್ಕ್ ಕೊಡದೆ ಕೆಲಸ ಮಾಡಿಸಿದರೆ ಶಹಾಬಾದ್ ಗಣಿಗಳಲ್ಲಿ, ಖಡಿ ಮಷೀನುಗಳಲ್ಲಿ ದುಡಿದವರ ಕೆಮ್ಮನ್ನು ನಾವೇ ಇನ್ನೊಂದು ಕಡೆ ಹುಟ್ಟಿಸಿದಂತಾಗುತ್ತದೆ. ಇನ್ನೊಂದು ಭಯ ನನಗೆ ನಮ್ಮವರದ್ದೇ. ಸರ್ಕಾರ ಹಳೇ ಮಾಲಿಗೆ ಒಪ್ಪಿದೆ ಅಂದ ಕೂಡಲೇ ಸಿಮೆಂಟ್ ಉಳಿಸಿ, ಮಣ್ಣು ಬೆರೆಸಿ, ಕೈಯಲ್ಲಿ ಹಿಡಿದರೆ ಪುಡಿಯಾಗುವ ಬ್ಲಾಕ್ ಮಾಡಿ ಕೊಡುವವರು ಹುಟ್ಟಿಕೊಳ್ಳುತ್ತಾರೆ. ಆಗ ಹೆಸರು ಕೆಡುವುದು ಎಲ್ಲರದ್ದು. ಅದಕ್ಕೇ ಪರೀಕ್ಷೆ ಬೇಕು, ಒಮ್ಮೆಗೆ ತಯಾರಾದ ಪ್ರತಿ ರಾಶಿಗೂ ಬೇಕು. ನಮ್ಮೂರಲ್ಲೇ 1958ರಿಂದ ಪಿಡಿಎ ಇಂಜಿನಿಯರಿಂಗ್ ಕಾಲೇಜಿದೆ, ನಿಮ್ಮಲ್ಲಿ ಎಷ್ಟೋ ಜನ ಅಲ್ಲೇ ಓದಿದವರು. ಅಂಥ ಕಡೆ ಪರೀಕ್ಷೆ ಮಾಡಿಸಿದ ವರದಿ ಇಲ್ಲದೆ ಬಿಲ್ ಪಾಸು ಮಾಡಬೇಡಿ.

ಇಷ್ಟು ಹೇಳಿದ ಮೇಲೆ ನಮ್ಮ ಬೇಡಿಕೆ ಏನು ಅಂತ ನೇರವಾಗಿ ಬರೆಯುತ್ತೇನೆ.

ಮೊದಲನೆಯದು, ಇದೇ ದೊಡ್ಡದು. ಬರುವ ವರ್ಷದ ಕಾಮಗಾರಿಗಳ ಅಂದಾಜು ಪಟ್ಟಿಯಲ್ಲಿ ಬೆಡ್ ಕಾಂಕ್ರೀಟ್, ರಸ್ತೆಯ ಕೆಳಪದರ, ಪ್ಲಿಂತ್ ತುಂಬುವಿಕೆ, ಕಾಂಪೌಂಡ್ ಬ್ಲಾಕ್, ಪೇವರ್, ಇಷ್ಟಕ್ಕೆ ಮರುಬಳಕೆ ಮಾಲು ಅಂತ ಪ್ರತ್ಯೇಕ ಐಟಂ ಸೇರಿಸಿ. ದರಪಟ್ಟಿಯಲ್ಲಿ ದರ ಸಿಗದಿದ್ದರೆ ರೇಟ್ ಅನಾಲಿಸಿಸ್ ಮಾಡಿ ಮೇಲಿನವರ ಒಪ್ಪಿಗೆ ತಗೊಳ್ಳುವ ದಾರಿ ನಿಮಗೆ ಹೊಸದಲ್ಲ, ಬೇರೆ ಎಷ್ಟೋ ವಸ್ತುಗಳಿಗೆ ಅದನ್ನು ಮಾಡುತ್ತೀರಿ. "ಸಿಕ್ಕರೆ ಬಳಸಬಹುದು" ಅಂತ ಬರೆಯಬೇಡಿ. ಹಾಗೆ ಬರೆದರೆ ಅದು ಯಾವತ್ತೂ ಸಿಗುವುದಿಲ್ಲ. ಇಂತಿಷ್ಟು ಪಾಲು ಬಳಸಲೇಬೇಕು ಅಂತ ಬರೆಯಿರಿ, ಶುರುವಿಗೆ 10% ಆದರೂ ಸಾಕು. ಎಲ್ಲ ಕಡೆ ಒಮ್ಮೆಲೇ ಆಗದಿದ್ದರೆ ಒಂದು ವಾರ್ಡಿನ ಫುಟ್‌ಪಾತು, ಒಂದು ಸರ್ಕಾರಿ ಶಾಲೆಯ ಕಾಂಪೌಂಡು ಅಂತ ಹಿಡಿಯಿರಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಶಾಲಾ ಕೊಠಡಿ, ರಸ್ತೆ, ಭವನ ಅಂತ ಇಷ್ಟೊಂದು ಕಟ್ಟುತ್ತಿದ್ದೀರಿ, ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಗಾಗಿ ನಡೆದ ಹೋರಾಟದ ಫಲ ಅದು. ಆ ಕಾಮಗಾರಿಗಳಲ್ಲಿ ಒಂದು ಪಾಲು ಇದಕ್ಕೆ ಮೀಸಲಿಟ್ಟರೆ ಇಲ್ಲಿಯ ಹುಡುಗರಿಗೆ ಇಲ್ಲೇ ಕೆಲಸ ಹುಟ್ಟುತ್ತದೆ.

ಎರಡನೆಯದು ಆ ಟ್ರ್ಯಾಕ್ಟರ್ ಹುಡುಗ ಕೇಳಿದ್ದು, ಜಾಗ. ಊರಿನ ನಾಲ್ಕು ದಿಕ್ಕಿಗೆ, ಸೇಡಂ ರಸ್ತೆ, ಜೇವರ್ಗಿ ರಸ್ತೆ, ಆಳಂದ ರಸ್ತೆ, ಹುಮನಾಬಾದ್ ರಸ್ತೆ ಕಡೆ ಒಂದೊಂದು ಬೇಲಿ ಹಾಕಿದ ಜಾಗ ಗೊತ್ತು ಮಾಡಿಸಿ, ಬೋರ್ಡು ಹಾಕಿಸಿ. ಕಾಂಕ್ರೀಟಿಗೆ ಒಂದು ಕಡೆ, ಇಟ್ಟಂಗಿ-ಗಾರೆಗೆ ಒಂದು ಕಡೆ, ಮಣ್ಣಿಗೆ ಒಂದು ಕಡೆ. ಬೇರೆ ಮಾಡಿ ತಂದವರಿಗೆ ಶುಲ್ಕ ಬೇಡ, ಕಲಸಿ ತಂದವರಿಗೆ ಇರಲಿ. ಮನೆ ಕೆಡವಲು, ಕಟ್ಟಲು ಪರವಾನಗಿ ಕೊಡುವಾಗಲೇ ಒಂದು ಠೇವಣಿ ಇಡಿಸಿಕೊಂಡು, ಆ ಜಾಗಕ್ಕೆ ಹಾಕಿದ ರಸೀದಿ ತೋರಿಸಿದರೆ ವಾಪಸ್ ಕೊಡುವ ಪದ್ಧತಿ ಬಂದರೆ ಯಾರೂ ರಾತ್ರಿ ಹೊತ್ತು ಕದ್ದು ಸುರಿಯುವುದಿಲ್ಲ. ಇದರಲ್ಲಿ ನಿಮ್ಮ ಕೈಯಲ್ಲಿರುವುದು ಸ್ವಲ್ಪವೇ ಅಂತ ಗೊತ್ತು. ಪ್ರಸ್ತಾವ ಬರೆದು ಮೇಲೆ ಕಳಿಸುವುದಂತೂ ನಿಮ್ಮ ಕೈಯಲ್ಲೇ ಇದೆ.

ಅರೆಯುವ ಮಷೀನಿನ ವಿಷಯಕ್ಕೆ ಬಂದರೆ, ನಮ್ಮಂಥ ಊರಿಗೆ ಹೈದರಾಬಾದಿನಷ್ಟು ದೊಡ್ಡದು ಬೇಡ. ಟ್ರೇಲರ್ ಮೇಲೆ ಕೂರಿಸಿದ ಮೊಬೈಲ್ ಕ್ರಷರ್ ಸಿಗುತ್ತದೆ. ಒಂದು ತಿಂಗಳು ಒಂದು ಜಾಗದಲ್ಲಿ ಅರೆದು ಇನ್ನೊಂದು ಕಡೆ ಹೋಗುತ್ತದೆ, ಬೀದರ್, ಯಾದಗಿರಿಗಳ ಜೊತೆ ಹಂಚಿಕೊಂಡರೂ ಆದೀತು. ಶುದ್ಧ ಗಾಳಿ ಕಾರ್ಯಕ್ರಮದ ಹಣದಲ್ಲಿ ಧೂಳು ಗುಡಿಸುವ ಮಷೀನು ತರಿಸುತ್ತೇವಲ್ಲ, ಧೂಳು ಹುಟ್ಟುವ ರಾಶಿಗೂ ಅದರಲ್ಲಿ ಸ್ವಲ್ಪ ಸಿಗಲಿ. ಖಾಸಗಿಯವರು ಹಾಕಿದರೂ ಹಾಕಬಹುದು. ಆದರೆ ಮೊದಲ ಬೇಡಿಕೆ ಈಡೇರದೆ ಯಾವ ಖಾಸಗಿಯವನೂ ಬ್ಯಾಂಕಿನ ಮೆಟ್ಟಿಲು ಹತ್ತುವುದಿಲ್ಲ. ನಾನಂತೂ ಹತ್ತುವುದಿಲ್ಲ. ಆರ್ಡರ್ ಎಲ್ಲಿದೆ ಅಂತ ಮ್ಯಾನೇಜರ್ ಕೇಳುತ್ತಾರೆ.

ನಿಮಗೆ ಅನುಮಾನ ಇದ್ದರೆ ನನ್ನ ಯಾರ್ಡಿಗೆ ಬನ್ನಿ, ಇಲ್ಲವಾದರೆ ನೀವು ಹೇಳಿದ ಲ್ಯಾಬಿಗೆ ನಾನೇ ಬ್ಲಾಕ್ ಕಳಿಸುತ್ತೇನೆ, ಪರೀಕ್ಷೆಯ ಶುಲ್ಕ ನನ್ನದೇ. ರಾಶಿಯಿಂದ ನಿಮಗೆ ಬೇಕಾದ ಬ್ಲಾಕನ್ನು ನೀವೇ ಆರಿಸಿ, ನಾನು ಆರಿಸಿಕೊಟ್ಟದ್ದು ಬೇಡ. ಪಾಸಾಗದಿದ್ದರೆ ಈ ಪತ್ರವನ್ನು ಹರಿದು ಹಾಕಿ. ಪಾಸಾದರೆ ಮುಂದಿನ ಅಂದಾಜು ಪಟ್ಟಿ ಸಹಿಗೆ ಹೋಗುವ ಮುಂಚೆ ಆ ಸಾಲು ಅದರಲ್ಲಿ ಇರಲಿ.

ಇಂತಿ ತಮ್ಮ ವಿಶ್ವಾಸಿ,
ಕಪನೂರ ಕಡೆಯ ಒಬ್ಬ ಬ್ಲಾಕ್ ತಯಾರಕ
ಕಲಬುರಗಿ